ದೋಷ ಯಾರಿಗೆ? ಮಿಶ್ರ ವಿಮರ್ಶೆಯೊಂದನ್ನು ಓದುವ ಬಗೆ

ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ದೋಷಪ್ರಕರಣವೆಂಬ ಭಾಗ ಬಂದಾಗ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಶ್ರುತಿಕಟು, ಚ್ಯುತಸಂಸ್ಕೃತಿ, ಅಪ್ರಯುಕ್ತ, ಅಸಮರ್ಥ ಎಂದು ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳುವುದು. ಪರೀಕ್ಷೆಯಲ್ಲಿ ಅದು ಹತ್ತು ಅಂಕಗಳ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಪಟ್ಟಿಯೂ ಮುಗಿಯಿತು. ಆದರೆ ಆ ಪಟ್ಟಿಯ ಹಿಂದೆ ನಮ್ಮ ಮೀಮಾಂಸಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದಿದೆ. ಬಹಳ ಗುಣಗಳ ನಡುವೆ ಒಂದು ದೋಷ ಕಂಡರೆ ಆ ವಸ್ತುವನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ? ಈ ಪ್ರಶ್ನೆ ಕಾವ್ಯಕ್ಕಷ್ಟೇ ಸೇರಿದುದಲ್ಲ ಎಂಬುದನ್ನು ತೋರಿಸಲು ಇಲ್ಲಿ ಒಂದು ಹೆಡ್‌ಫೋನಿನ ಪ್ರಸಂಗವನ್ನು ಆರಿಸಿಕೊಳ್ಳಲಾಗಿದೆ. ಕಾವ್ಯಮೀಮಾಂಸೆಯ ಪಾಠಕ್ಕೆ ಹೆಡ್‌ಫೋನ್ ತಕ್ಕ ವಸ್ತುವೇ ಎಂದು ಕೆಲವರು ಹುಬ್ಬೇರಿಸಬಹುದು. ಶ್ರುತಿಕಟು ಎಂದರೆ ಕಿವಿಗೆ ಕಠೋರವಾದುದು ಎಂದು ಅರ್ಥವಾಗುವಾಗ ಕಿವಿಯ ಸಾಧನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದರಲ್ಲಿ ಅಂಥ ಅನೌಚಿತ್ಯವೇನೂ ಇಲ್ಲ.

ಪ್ರಸಂಗ ಹೀಗಿದೆ. ಸೋಲಾಪುರದ ಯಂತ್ರಮಗ್ಗಗಳ ಓಣಿಯೊಂದರಲ್ಲಿ ವಾಸಿಸುವ, ಕನ್ನಡ ಐಚ್ಛಿಕದ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಕಿರುಪ್ರಬಂಧಕ್ಕಾಗಿ ಅಜ್ಜಿಯ ಬೀಸುಕಲ್ಲಿನ ಹಾಡುಗಳನ್ನು ಬರೆದಿಳಿಸಲು ಹೊರಟಿದ್ದ. ಅಜ್ಜಿ ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರವಳು. ಅವಳು ಬದುಕಿದ್ದಾಗ, 2012ರಲ್ಲಿ, ಸೋದರಮಾವ ತನ್ನ ಗುಂಡಿಯ ಮೊಬೈಲಿನಲ್ಲಿ ಹನ್ನೊಂದು ತುಣುಕುಗಳನ್ನು ಹಿಡಿದಿಟ್ಟಿದ್ದ. ಈಗ ಉಳಿದಿರುವುದು ಅಷ್ಟೇ. ಹಾಡಿನ ಕೆಳಗೆ ಬೀಸುಕಲ್ಲಿನ ಗರಗರ ನಿರಂತರವಾಗಿದೆ. ನಡುವೆ ಕೋಳಿಯ ಕೂಗು, ಯಾರೋ ಕರೆದ ಸದ್ದು. ಹಲವು ಮಾತುಗಳು ಅಸ್ಪಷ್ಟ. ಅದರಲ್ಲೂ ಒಂದು ಮಾತು ಅವನನ್ನು ತಿಂಗಳುಗಟ್ಟಲೆ ಕಾಡಿತು. ಅಜ್ಜಿ ಹಾಡಿನಲ್ಲಿ ಯಾರನ್ನೋ ಕರೆಯುತ್ತಾಳೆ. ಆ ಕರೆ 'ಸಣ್ಣವ್ವ' ಎಂದೋ 'ಚನ್ನವ್ವ' ಎಂದೋ ತಿಳಿಯದು. ಸಣ್ಣವ್ವ ಎಂದರೆ ಚಿಕ್ಕಮ್ಮ, ಅಥವಾ ಮನೆಯ ಕಿರಿಯ ಹೆಣ್ಣುಮಗಳು. ಚನ್ನವ್ವ ಎಂದಾದರೆ ಅದೊಂದು ಹೆಸರು, ಮತ್ತು ಆ ಹೆಸರಿನವರು ಅವರ ಮನೆತನದಲ್ಲಿ ಯಾರಿದ್ದರೆಂಬುದು ಈಗ ಬದುಕಿರುವ ಯಾರಿಗೂ ಗೊತ್ತಿಲ್ಲ.

ಒಳ್ಳೆಯ ಹೆಡ್‌ಫೋನ್ ಇದ್ದರೆ ಕೇಳಿಸೀತು ಎಂದು ಅವನಿಗೆ ತೋರಿತು. ಮದುವೆ ಮಂಟಪಗಳಲ್ಲಿ ಧ್ವನಿವರ್ಧಕದವರ ಜೊತೆ ದುಡಿದು ಕೂಡಿಟ್ಟ ಹಣಕ್ಕೆ, ಬೀಡಿ ಕಟ್ಟುವ ತಾಯಿ ಭಿಶಿಯಲ್ಲಿ ಎತ್ತಿದ ಹಣದ ಒಂದು ಪಾಲನ್ನು ಸೇರಿಸಿ, 14,500 ರೂಪಾಯಿಯ ಹೆಡ್‌ಫೋನನ್ನು ತರಿಸಿದ. ಹೊರದೇಶದ ಹೆಸರಾಂತ ತಯಾರಿಕೆ, ಮೆತ್ತನೆಯ ಕಿವಿಗವಸು, ಹೊರಬದಿಗೆ ಜಾಲರಿ. ಮೂರು ದಿನ ಸಂತೋಷದಿಂದ ಕೇಳಿದ. ನಾಲ್ಕನೆಯ ದಿನ ಆ ಮಾದರಿಯ ಕುರಿತ ದೀರ್ಘ ವಿಮರ್ಶೆಯೊಂದು ಅವನ ಕಣ್ಣಿಗೆ ಬಿತ್ತು. ಹಿಂದಿರುಗಿಸಲು ಇದ್ದ ಅವಧಿ ಏಳು ದಿನ.

ವಿಮರ್ಶಕನ ಅಭಿಪ್ರಾಯದ ಸಾರ ಇಷ್ಟು. ಈ ಹೆಡ್‌ಫೋನು ಧ್ವನಿಯ ವಿವರಗಳನ್ನು ಬಿಡಿಸಿ ತೋರಿಸುತ್ತದೆ, ವಾದ್ಯಗಳ ನಡುವಣ ಅಂತರವನ್ನು ಚೆನ್ನಾಗಿ ಕೇಳಿಸುತ್ತದೆ, ಗಂಟೆಗಟ್ಟಲೆ ಧರಿಸಿದರೂ ಕಿವಿ ನೋಯದು. ಆದರೆ ಎತ್ತರದ ಸ್ವರಗಳು, ವಿಶೇಷವಾಗಿ 8,000 ಹರ್ಟ್ಜ್‌ನ ಆಸುಪಾಸಿನಲ್ಲಿ, ಅಗತ್ಯಕ್ಕಿಂತ ಹರಿತವಾಗಿ ಕಿವಿಯನ್ನು ಚುಚ್ಚುತ್ತವೆ. ವಿಮರ್ಶೆಯ ಮುಕ್ಕಾಲು ಭಾಗ ಈ ಹರಿತದ ಚರ್ಚೆಗೇ ಮೀಸಲು. ಕೊನೆಗೆ, ಇದು ಗದ್ದಲವಿಲ್ಲದ ಕೋಣೆಗೆ ತಕ್ಕದ್ದೆಂದೂ 250 ಓಮ್ ಇಂಪೀಡೆನ್ಸಿನದಾದ ಕಾರಣ ಮೊಬೈಲಿಗೆ ನೇರವಾಗಿ ಜೋಡಿಸಿದರೆ ಸದ್ದು ಸಾಲದೆಂದೂ ಒಂದೊಂದು ವಾಕ್ಯ. ಅಂಕ ಐದಕ್ಕೆ ಮೂರೂವರೆ.

ಅಂದಿನ ರಾತ್ರಿಯಿಂದ ಅವನಿಗೆ ಆ ಚುಚ್ಚು ಕೇಳಿಸತೊಡಗಿತು. ಮೂರು ದಿನ ಕೇಳಿಸದಿದ್ದುದು ನಾಲ್ಕನೆಯ ದಿನ ಹೇಗೆ ಕೇಳಿಸಿತು? ಹೆಡ್‌ಫೋನು ಬದಲಾಗಿರಲಿಲ್ಲ. ನಿರೀಕ್ಷೆಯು ಕೇಳ್ಮೆಯನ್ನು ತಿದ್ದುತ್ತದೆ ಎಂಬುದು ಧ್ವನಿವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ; ಆದುದರಿಂದಲೇ ಅವರು ಯಾವ ಸಾಧನವೆಂದು ಕೇಳುಗನಿಗೆ ತಿಳಿಯದಂತೆ ಮರೆಮಾಡಿ ಪರೀಕ್ಷೆ ನಡೆಸುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದು ಹೊಸದಾಗಿರಬಾರದು. ಕವಿತೆಯನ್ನು ಓದುವ ಮೊದಲೇ ಮುನ್ನುಡಿಯನ್ನು ಓದಿದವರು ಕವಿತೆಯಲ್ಲಿ ಮುನ್ನುಡಿಕಾರರು ಕಂಡುದನ್ನೇ ಕಾಣುತ್ತಾರೆ. ವಿಮರ್ಶೆ ಆ ಹುಡುಗನ ಮನಸ್ಸಿನಲ್ಲಿ ಒಂದು ಹೆಸರನ್ನು ಇಟ್ಟಿತು. ಹೆಸರು ಸಿಕ್ಕ ಮೇಲೆ ವಸ್ತು ಕಾಣುವುದು ಸುಲಭ. ಹಾಗೆಂದು ಅದು ಬರಿಯ ಭ್ರಮೆ ಎನ್ನಲಾಗದು. ವಿಮರ್ಶಕ ಸುಳ್ಳು ಹೇಳಿರಲಿಲ್ಲ. ಅಳತೆಯ ರೇಖೆಯಲ್ಲಿ ಆ ಏರು ಇತ್ತು.

ಮೂರು ಮಾತು, ಎರಡು ಭಾಷೆ

ಗಡಿಭಾಗದ ವಿದ್ಯಾರ್ಥಿಗಳು ಇಲ್ಲಿ ಒಂದು ಪದವಿಚಾರವನ್ನು ಗಮನಿಸಬೇಕು. ನಾವು ವಿಮರ್ಶೆ ಎನ್ನುವುದನ್ನು ಮರಾಠಿ ಪತ್ರಿಕೆಗಳು ಪರೀಕ್ಷಣ ಎನ್ನುತ್ತವೆ: ಚಿತ್ರಪಟ ಪರೀಕ್ಷಣ, ಗ್ರಂಥ ಪರೀಕ್ಷಣ. ಗಂಭೀರವಾದ ಸಾಹಿತ್ಯವಿಮರ್ಶೆಗೆ ಅಲ್ಲಿ ಸಮೀಕ್ಷಾ ಎಂಬ ಪದ. ಕನ್ನಡದಲ್ಲಿ ಸಮೀಕ್ಷೆ ಎಂದರೆ ಮನೆಮನೆಗೆ ಹೋಗಿ ಲೆಕ್ಕ ತೆಗೆಯುವುದು. ಅದಕ್ಕೆ ಮರಾಠಿಯವರು ಸರ್ವೇಕ್ಷಣ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತವರು ಉತ್ತರಪತ್ರಿಕೆಯಲ್ಲಿ ಸಾಹಿತ್ಯ ಸಮೀಕ್ಷೆ ಎಂದು ಬರೆದು ಅಂಕ ಕಳೆದುಕೊಳ್ಳುವುದು ಹೊಸತಲ್ಲ. ಅದು ಅಜ್ಞಾನವಲ್ಲ, ನೆರೆಮನೆಯ ಪಾತ್ರೆಯನ್ನು ತಮ್ಮದೆಂದು ತಂದಂತೆ. ಪರೀಕ್ಷಣ, ಸಮೀಕ್ಷಾ ಎರಡರಲ್ಲಿಯೂ ಇರುವುದು ನೋಡುವ ಕ್ರಿಯೆ: ಸುತ್ತಲೂ ನೋಡುವುದು, ಚೆನ್ನಾಗಿ ನೋಡುವುದು. ವಿಮರ್ಶೆಯ ಮೂಲದಲ್ಲಿರುವ 'ಮೃಶ್' ಧಾತುವಿಗೆ ಮುಟ್ಟು, ಸವರು ಎಂಬ ಅರ್ಥವಿದೆ. ನೋಡುವುದನ್ನು ದೂರದಿಂದ ಮಾಡಬಹುದು. ಮುಟ್ಟಲು ಹತ್ತಿರ ಹೋಗಲೇಬೇಕು, ಮತ್ತು ಮುಟ್ಟುವ ಕೈ ಯಾರದೆಂಬುದು ಅಲ್ಲಿ ಮುಖ್ಯವಾಗುತ್ತದೆ.

ಇನ್ನು ಮಿಶ್ರ ವಿಮರ್ಶೆಯ ವ್ಯಾಕರಣ. ಅದರ ಬೆನ್ನೆಲುಬು 'ಆದರೆ' ಎಂಬ ಅವ್ಯಯ. ಸ್ಪಷ್ಟವಾಗಿದೆ, ಆದರೆ ಚುಚ್ಚುತ್ತದೆ. ಚುಚ್ಚುತ್ತದೆ, ಆದರೆ ಸ್ಪಷ್ಟವಾಗಿದೆ. ಎರಡೂ ವಾಕ್ಯಗಳ ಮಾಹಿತಿ ಒಂದೇ. ತೀರ್ಪು ಬೇರೆ. ಕನ್ನಡದಲ್ಲಿ ವಾಕ್ಯದ ಭಾರ ಕೊನೆಗೆ ಬೀಳುತ್ತದೆಯಾದುದರಿಂದ 'ಆದರೆ'ಯ ಆಚೆ ನಿಂತುದು ಗೆಲ್ಲುತ್ತದೆ. ಚುಚ್ಚಿದರೂ ಸ್ಪಷ್ಟ ಎಂದರಂತೂ ದೋಷವು ಅರ್ಧಕ್ಕರ್ಧ ಕ್ಷಮೆ ಪಡೆದಂತೆಯೇ. ಅಲ್ಲದೆ 'ಆದರೆ' ಎಂಬುದು ಹುಟ್ಟಿನಿಂದ ಪಕ್ಷಾರ್ಥಕ ರೂಪ: ಹಾಗೆ ಆದಲ್ಲಿ, ಎಂದು. ವಿಮರ್ಶೆಯಲ್ಲಿ ಈ ಪದ ಬಂದಾಗಲೆಲ್ಲ ಅದರ ಹಳೆಯ ಅರ್ಥವನ್ನು ನೆನೆದು, ಯಾವುದು ಆದರೆ, ಎಲ್ಲಿ ಆದರೆ, ಯಾರಿಗೆ ಆದರೆ ಎಂದು ಕೇಳಿಕೊಳ್ಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಉಪಯುಕ್ತ. ಆ ಹುಡುಗ ಓದಿದ ವಿಮರ್ಶೆಯಲ್ಲಿ ಮೆಚ್ಚುಗೆ ಮೊದಲು ಬಂದು ಆಕ್ಷೇಪ ಅನಂತರ ಬಂದಿತ್ತು. ಅವನಿಗೆ ನೆನಪಿನಲ್ಲಿ ಉಳಿದುದು ಆಕ್ಷೇಪವೊಂದೇ.

ಚಂದ್ರನ ಕಲೆ ಮತ್ತು ದಂಡಿಯ ಕಲೆ

ಒಂದೇ ಒಂದು ದೋಷದ ತೂಕವೆಷ್ಟು ಎಂಬ ಬಗ್ಗೆ ನಮ್ಮ ಪರಂಪರೆಯಲ್ಲಿ ಎರಡು ಪ್ರಸಿದ್ಧ ನಿಲುವುಗಳಿವೆ. ದಂಡಿ ತನ್ನ ಕಾವ್ಯಾದರ್ಶದ ಆರಂಭದಲ್ಲಿಯೇ, ಕಾವ್ಯದಲ್ಲಿ ದೋಷ ಸ್ವಲ್ಪವಾದರೂ ಉಪೇಕ್ಷಿಸಬಾರದು ಎಂದು ಹೇಳಿ, ಸುಂದರವಾದ ಶರೀರವೂ ಒಂದು ತೊನ್ನಿನ ಕಲೆಯಿಂದ ಕೆಡುತ್ತದೆ ಎಂಬ ಹೋಲಿಕೆಯನ್ನು ಕೊಡುತ್ತಾನೆ. ಈ ಹೋಲಿಕೆಯನ್ನು ಇಂದು ಯಾವ ಸಹೃದಯನೂ ಒಪ್ಪಲಾರ; ತೊನ್ನು ಚರ್ಮದ ಬಣ್ಣದ ಬದಲಾವಣೆಯೇ ಹೊರತು ಶರೀರದ ದೋಷವಲ್ಲ. ಹೋಲಿಕೆಯನ್ನು ಬಿಟ್ಟು ನಿಲುವನ್ನಷ್ಟೇ ಇಟ್ಟುಕೊಳ್ಳೋಣ. ಇದಕ್ಕೆ ಎದುರಾಗಿ ಕಾಳಿದಾಸ ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮವಂತನನ್ನು ವರ್ಣಿಸುವಾಗ, ಗುಣಗಳ ರಾಶಿಯಲ್ಲಿ ಒಂದು ದೋಷ ಚಂದ್ರನ ಕಿರಣಗಳಲ್ಲಿ ಕಲೆ ಮುಳುಗಿಹೋಗುವಂತೆ ಮುಳುಗುತ್ತದೆ ಎನ್ನುತ್ತಾನೆ. ಒಬ್ಬನು ಲಾಕ್ಷಣಿಕ, ಇನ್ನೊಬ್ಬನು ಕವಿ. ಇಬ್ಬರೂ ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆಯೇ ಮಾತಾಡಿದ್ದಾರೆ ಎಂದು ನಗೆಯಾಡಬಹುದು.

ದಂಡಿಯನ್ನು ಬಹುವಾಗಿ ಅನುಸರಿಸಿದ ಕವಿರಾಜಮಾರ್ಗ ತನ್ನ ಮೊದಲ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನ ನಿರ್ಣಯ ಎಂಬ ಹೆಸರನ್ನಿಟ್ಟಿದೆ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದ ನೃಪತುಂಗನ ಆಸ್ಥಾನದಲ್ಲಿ, ಬಹುಜನ ವಿದ್ವಾಂಸರ ಮತದಂತೆ ಶ್ರೀವಿಜಯನಿಂದ ರಚಿತವಾದ ಕೃತಿ ಅದು. ಅದು ಹೇಳುವ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನೊಳಗೆ ಸೋಲಾಪುರವೂ ಅಕ್ಕಲಕೋಟೆಯೂ ಬರುತ್ತವೆಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ಮರೆಯುವುದಿಲ್ಲ. ಮರೆಯುವುದು ಆ ಪರಿಚ್ಛೇದದ ಹೆಸರಿನಲ್ಲಿರುವ 'ಅದೋಷ'ವನ್ನು. ಕನ್ನಡದಲ್ಲಿ ನಮಗೆ ದೊರೆತ ಮೊದಲ ಶಾಸ್ತ್ರಗ್ರಂಥ ತೊಡಗುವುದೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರಣೆಯಿಂದ.

ಈ ವಿಚಾರಣೆಗೆ ಹೊಸ ತಿರುವು ಕೊಟ್ಟವನು ಅದೇ ಶತಮಾನದ ಕಾಶ್ಮೀರದ ಆನಂದವರ್ಧನ. ಕೆಲವು ದೋಷಗಳು ಅನಿತ್ಯ, ಅಂದರೆ ಎಲ್ಲೆಡೆಯೂ ಎಂದೆಂದಿಗೂ ದೋಷಗಳಲ್ಲ ಎಂದು ಅವನು ತೋರಿಸಿದ. ಕಿವಿಗೆ ಕಠೋರವಾದ ಪದಗಳನ್ನು ಶೃಂಗಾರದಲ್ಲಿ ಬಿಡಬೇಕು. ರೌದ್ರದಲ್ಲಿ ಅವು ದೋಷವಾಗುವುದಿರಲಿ, ರಸಕ್ಕೆ ಒತ್ತಾಸೆಯಾಗುತ್ತವೆ. ಹನ್ನೊಂದನೆಯ ಶತಮಾನದ ಮಮ್ಮಟ ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಪದದೋಷಗಳ ಪಟ್ಟಿಯನ್ನು ಶ್ರುತಿಕಟುವಿನಿಂದಲೇ ಆರಂಭಿಸುತ್ತಾನೆ. ಆದರೆ ಪಟ್ಟಿಗೆ ಮೊದಲು, ಮುಖ್ಯಾರ್ಥಕ್ಕೆ ಧಕ್ಕೆ ತರುವುದೇ ದೋಷ ಎಂದು ಲಕ್ಷಣವನ್ನು ಹೇಳಿಕೊಂಡಿರುತ್ತಾನೆ. ವಿದ್ಯಾರ್ಥಿಗಳು ಪಟ್ಟಿಯನ್ನು ನೆನಪಿಟ್ಟು ಲಕ್ಷಣವನ್ನು ಬಿಡುವುದು ವಿಷಾದದ ಸಂಗತಿ. ಯಾವುದು ಮುಖ್ಯವೋ ಅದಕ್ಕೆ ಅಡ್ಡಿಯಾಗದೆ ಹೋದರೆ ಆ ಲಕ್ಷಣದ ಪ್ರಕಾರ ಅದು ದೋಷವೇ ಅಲ್ಲ.

ಹಾಗಾದರೆ ಹೆಡ್‌ಫೋನಿನ ಹರಿತ ಯಾರಿಗೆ ದೋಷ? ದಣಿದು ಬಂದು ರಾತ್ರಿ ಎರಡು ತಾಸು ಭೀಮಸೇನ ಜೋಶಿಯವರ ಗಾಯನವನ್ನು ಕೇಳಬೇಕೆನ್ನುವವನಿಗೆ ನಿಶ್ಚಯವಾಗಿಯೂ ದೋಷ. ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತು, ಗಾಯಕನ 'ಸ'ಕಾರ ಸೀಳಿದೆಯೇ, ಹಿನ್ನೆಲೆಯಲ್ಲಿ ಎಲ್ಲಿಯಾದರೂ ಸುಯ್ಯೆಂಬ ಸದ್ದು ಉಳಿದಿದೆಯೇ ಎಂದು ಹುಡುಕುವವನಿಗೆ ಅದೇ ಹರಿತ ಭೂತಗನ್ನಡಿ. ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 2009ರಲ್ಲಿ ಹೊರತಂದ ಎಚ್‌ಡಿ 800 ಎಂಬ ಬಹು ದುಬಾರಿ ಮಾದರಿಯ ವಿಶಾಲವಾದ ಧ್ವನಿರಂಗವನ್ನು ಕೇಳುಗರು ಕೊಂಡಾಡಿದರು. 6,000 ಹರ್ಟ್ಜ್‌ನ ಬಳಿಯ ಏರನ್ನು ಹಲವರು ಆಕ್ಷೇಪಿಸಿದರು. 2016ರ ಹೊತ್ತಿಗೆ ಸಂಸ್ಥೆಯೇ ಆ ಏರನ್ನು ಹೀರಿಕೊಳ್ಳುವ ವ್ಯವಸ್ಥೆಯೊಡನೆ ಎಚ್‌ಡಿ 800 ಎಸ್ ಎಂಬ ರೂಪಾಂತರವನ್ನು ತಂದಿತು. ಅಲ್ಲಿಗೆ ವಾದ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಳೆಯದೇ ಹೆಚ್ಚು ವಿವರ ಕೊಡುತ್ತಿತ್ತೆಂದು ಅದನ್ನೇ ಉಳಿಸಿಕೊಂಡವರು ಇದ್ದಾರೆ.

ಕಿವಿ, ಅಳತೆ, ಬೆಲೆ

ಇದೆಲ್ಲ ಅವರವರ ರುಚಿ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ರುಚಿಯಲ್ಲಿಯೂ ಒಂದು ಸಾಮಾನ್ಯ ಭೂಮಿಕೆ ಇದೆ. ಅಮೆರಿಕದ ಹರ್ಮನ್ ಸಂಸ್ಥೆಯ ಸಂಶೋಧಕರಾದ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರಿಂದೀಚೆಗೆ ನಡೆಸಿದ ಶ್ರವಣಪರೀಕ್ಷೆಗಳಲ್ಲಿ, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಧ್ವನಿಪೆಟ್ಟಿಗೆಯಂತೆ ಕೇಳಿಸುವ ಹೆಡ್‌ಫೋನನ್ನೇ ಬಹುಪಾಲು ಜನ ಇಷ್ಟಪಟ್ಟರು. ಸುಮಾರು ಮೂವರಲ್ಲಿ ಇಬ್ಬರು ಹೀಗೆ. ಉಳಿದವರಲ್ಲಿ ಕೆಲವರಿಗೆ ಮಂದ್ರ ಇನ್ನಷ್ಟು ಬೇಕು, ಕೆಲವರಿಗೆ ಕಡಿಮೆ ಬೇಕು. ಸಹೃದಯ ಎಂಬ ಪರಿಕಲ್ಪನೆಯನ್ನು ಓದಿದವರಿಗೆ ಈ ಫಲಿತಾಂಶ ಆಪ್ತವಾಗಿ ಕಾಣಬೇಕು: ರಸಾಸ್ವಾದ ತೀರ ಖಾಸಗಿಯಲ್ಲ, ಪೂರ್ತಿ ಸಾರ್ವತ್ರಿಕವೂ ಅಲ್ಲ. ಕಿವಿಯ ರಚನೆಯೂ ಒಬ್ಬರಂತೆ ಇನ್ನೊಬ್ಬರಿಗಿಲ್ಲ. ಹಾಲೆಯ ಮಡಿಕೆ, ಕಿವಿನಾಳದ ಉದ್ದ ಬದಲಾದಂತೆ ಎತ್ತರದ ಸ್ವರಗಳು ಒಬ್ಬನಿಗೆ ಚುಚ್ಚುತ್ತವೆ, ಮತ್ತೊಬ್ಬನಿಗೆ ಹೊಳೆಯುತ್ತವೆ.

ಬೆಲೆಯ ವಿಷಯವನ್ನು ಬೇಗ ಮುಗಿಸಬಹುದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಮಾರಾಟದ ಬೆಲೆಯೊಡನೆ ಹೋಲಿಸಿ, ಧ್ವನಿಯ ಆವೃತ್ತಿಸ್ಪಂದನಕ್ಕೂ ಬೆಲೆಗೂ ಸಂಬಂಧವಿಲ್ಲವೆಂದು ಕಂಡರು. ಹೆಚ್ಚು ಕೊಟ್ಟರೆ ಗಟ್ಟಿತನ, ಹಗುರು, ಹೆಸರು ಸಿಕ್ಕೀತು. ಹೆಚ್ಚು ಕೊಟ್ಟಷ್ಟೂ ಹೆಚ್ಚು ಕೇಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇಲ್ಲಿಂದ ಮುಂದೆ ಪ್ರಸಂಗ ನಿಜವಾಗಿ ಪಾಠವಾಗುತ್ತದೆ. ಐದನೆಯ ದಿನ ಆ ಹುಡುಗ ತನ್ನ ಹೆಡ್‌ಫೋನನ್ನೂ ಅಜ್ಜಿಯ ಕಡತಗಳನ್ನೂ ಕಾಲೇಜಿನ ಗಣಕದ ಕೋಣೆಗೆ ತಂದ. ಅಲ್ಲಿನ ಸಹಾಯಕರು ಒಂದು ಕಡತವನ್ನು ಬೇರೆ ರೂಪಕ್ಕೆ ಪರಿವರ್ತಿಸಿ 'ಪ್ರಾಟ್' ಎಂಬ ತಂತ್ರಾಂಶದಲ್ಲಿ ತೆರೆದರು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ಈ ತಂತ್ರಾಂಶ ಉಚಿತ. ಭಾಷಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಒಮ್ಮೆಯಾದರೂ ಬಳಸಿ ನೋಡಬೇಕಾದುದು. ಅದು ಮಾತಿನ ಚಿತ್ರವನ್ನು ಬಿಡಿಸುತ್ತದೆ: ಅಡ್ಡಕ್ಕೆ ಕಾಲ, ಉದ್ದಕ್ಕೆ ಆವೃತ್ತಿ, ಸದ್ದು ಇದ್ದಲ್ಲಿ ಕಪ್ಪು. ಅಜ್ಜಿಯ ಹಾಡಿನ ಚಿತ್ರದಲ್ಲಿ ಕೆಳಗೆಲ್ಲ ಬೀಸುಕಲ್ಲಿನ ದಟ್ಟ ಕಪ್ಪು, ಅದರ ಮೇಲೆ ಸ್ವರಗಳ ಪಟ್ಟೆಗಳು. 4,000 ಹರ್ಟ್ಜ್ ಮುಟ್ಟುವ ಮೊದಲೇ ಎಲ್ಲವೂ ನಿಂತು, ಮೇಲೆ ಬರಿಯ ಬಿಳಿ.

ಕಾರಣ ಸರಳ. ಆ ಕಾಲದ ಗುಂಡಿಯ ಮೊಬೈಲುಗಳು ಧ್ವನಿಯನ್ನು ಎಎಂಆರ್ ಎಂಬ ರೂಪದಲ್ಲಿ ಉಳಿಸುತ್ತಿದ್ದವು. ದೂರವಾಣಿ ಸಂಭಾಷಣೆಗಾಗಿ ಮಾಡಿದ ಆ ಕ್ರಮದಲ್ಲಿ ಒಂದು ಸೆಕೆಂಡಿಗೆ 8,000 ಮಾದರಿಗಳನ್ನಷ್ಟೇ ತೆಗೆಯಲಾಗುತ್ತದೆ. ಅದರ ಅರ್ಧಕ್ಕಿಂತ, ಅಂದರೆ 4,000 ಹರ್ಟ್ಜ್‌ಗಿಂತ, ಮೇಲಿನದೇನೂ ಅದರಲ್ಲಿ ಉಳಿಯದು. ಬಳಕೆಯಲ್ಲಿ ಸುಮಾರು 3,400ರವರೆಗೆ ಮಾತ್ರ. 'ಸ'ಕಾರದ ಸುಯ್ಲಿನ ಮುಖ್ಯಾಂಶವಿರುವುದು ಅದಕ್ಕಿಂತ ಮೇಲೆ. ದೂರವಾಣಿಯಲ್ಲಿ ಹೆಸರನ್ನು ಹೇಳುವಾಗ 'ಸ, ಸೋಲಾಪುರದ ಸ' ಎಂದು ಬಿಡಿಸಿ ಹೇಳಬೇಕಾಗಿ ಬರುವುದು ಇದೇ ಕಾರಣಕ್ಕೆ. 'ಚ'ಕಾರಕ್ಕೆ ಮೊದಲು ನಾಲಗೆ ಅಂಗುಳಕ್ಕೆ ತಾಗಿ ಕ್ಷಣಮಾತ್ರ ಮೌನವುಂಟಾಗುತ್ತದೆ. 'ಸ'ಕಾರಕ್ಕೆ ಆ ಮೌನವಿಲ್ಲ. ಸುಯ್ಲು ಹೋದರೂ ಆ ಮೌನದಿಂದ ಇವೆರಡನ್ನೂ ಬೇರ್ಪಡಿಸಬಹುದಿತ್ತು. ಆದರೆ ಆ ಮೌನವನ್ನು ಬೀಸುಕಲ್ಲು ತುಂಬಿಬಿಟ್ಟಿದೆ. ಇದರ ಮೇಲೆ ಮರಾಠಿಯ ನೆರಳು ಬೇರೆ: ಮರಾಠಿಯಲ್ಲಿ 'ಚಾರ್' ಎಂಬುದರ ಚಕಾರ ನಮ್ಮದರಂತೆ, 'ಚಾಂಗಲಾ' ಎಂಬುದರ ಚಕಾರ 'ತ್ಸ'ದಂತೆ, ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಎರಡೂ ಭಾಷೆ ಆಡುತ್ತಿದ್ದ ಅಜ್ಜಿಯ ಚನ್ನವ್ವ 'ತ್ಸನ್ನವ್ವ' ಆಗಿದ್ದರೆ ಅದು ಸಣ್ಣವ್ವನಿಗೆ ಇನ್ನಷ್ಟು ಹತ್ತಿರ.

ಹೀಗಾಗಿ ವಿಮರ್ಶಕ ಮುಕ್ಕಾಲು ಲೇಖನ ಮೀಸಲಿಟ್ಟ ದೋಷ, 8,000 ಹರ್ಟ್ಜ್‌ನ ಹರಿತ, ಅಜ್ಜಿಯ ಹಾಡಿನ ಮಟ್ಟಿಗೆ ದೋಷವೂ ಅಲ್ಲ, ಗುಣವೂ ಅಲ್ಲ. ಆ ಎತ್ತರದಲ್ಲಿ ಹಾಡೇ ಇಲ್ಲ. ವಿಮರ್ಶಕನನ್ನು ದೂರುವಂತಿಲ್ಲ. ಅವನು ಪರೀಕ್ಷೆಗೆ ಇಟ್ಟುಕೊಂಡುದು ಒಳ್ಳೆಯ ಸ್ಟುಡಿಯೋಗಳಲ್ಲಿ ಮುದ್ರಿತವಾದ ಸಂಗೀತವನ್ನು. ಅಕ್ಕಲಕೋಟೆ ತಾಲೂಕಿನ ಬೀಸುಕಲ್ಲು ಅವನ ಕಣ್ಣಮುಂದೆ ಇರಲಿಲ್ಲ, ಇರಬೇಕೆಂದೂ ಇಲ್ಲ.

ಅವನು ಒಂದೊಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಎರಡು ಮಾತುಗಳಾದರೋ ಈ ಹುಡುಗನ ಪಾಲಿಗೆ ಇಡೀ ವಿಮರ್ಶೆಯೇ ಆಗಿದ್ದವು. ಹೊರಬದಿ ಜಾಲರಿಯಾಗಿರುವ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯದು. ಅವನ ಮನೆಯ ಗೋಡೆಗೆ ಗೋಡೆ ಹೊಂದಿ ಚಾದರ ನೇಯುವ ಯಂತ್ರಮಗ್ಗಗಳು ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತವೆ. ಮೊದಲ ಮೂರು ದಿನಗಳಲ್ಲಿ ಮಗ್ಗಗಳಿಗೆ ವಾರದ ರಜೆಯ ದಿನವೊಂದು ಸೇರಿತ್ತು. ಉಳಿದೆರಡು ದಿನ ಅವನು ಕೇಳಿದ್ದು ನಡುರಾತ್ರಿ. ಸದ್ದು ಸಾಲದೆಂದು ಮೊಬೈಲಿನ ಧ್ವನಿಯನ್ನು ತುದಿಯವರೆಗೆ ಏರಿಸಿಯೇ ಕೇಳುತ್ತಿದ್ದ. ಅದು ಹೆಡ್‌ಫೋನಿನ ಸ್ವಭಾವವೆಂದು ಎಣಿಸಿದ್ದ. ಸರಿಪಡಿಸಲು ಆಂಪ್ಲಿಫೈಯರ್ ಬೇಕು, ಅದಕ್ಕೆ ಮತ್ತೆ ಹಣ ಬೇಕು. ಹಗಲು ಹೊತ್ತಿನಲ್ಲಿ ಕೆಲಸ ಸಾಗದು. ರಾತ್ರಿಯಾದರೆ, ಒಂದೇ ಕೋಣೆಯ ಮನೆಯಲ್ಲಿ, ಜಾಲರಿಯಿಂದ ಸೋರುವ ಅಜ್ಜಿಯ ದನಿ ಮಲಗಿದ ತಾಯಿಯ ನಿದ್ದೆಗೆಡಿಸುತ್ತದೆ.

ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ವಿವರಿಸುತ್ತ, ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ನಗುವುದಿಲ್ಲ ಎಂದು ಕೇಳುತ್ತಾನೆ. ಡಾಬಿನಲ್ಲಿ ದೋಷವಿಲ್ಲ, ಹಾರದಲ್ಲಿಯೂ ಇಲ್ಲ. ಆ ಹೆಡ್‌ಫೋನೂ ತಕ್ಕ ಕೋಣೆಯಲ್ಲಿ ಬೆಲೆಬಾಳುವ ಆಭರಣವೇ.

ಆರನೆಯ ದಿನ ಅವನು ಅದನ್ನು ಹಿಂದಿರುಗಿಸಿದ. ಸುಲಭವಾಗಿ ಅಲ್ಲ, ಮೂರು ದಿನದ ಸಂತೋಷ ಸುಳ್ಳಾಗಿರಲಿಲ್ಲ, ಅದನ್ನು ಕಿವಿಗಿಟ್ಟಾಗ ಅಜ್ಜಿ ಎದುರಿಗೇ ಕುಳಿತಂತೆ ಆಗುತ್ತಿತ್ತೆಂದು ಅವನು ಗೆಳೆಯರ ಬಳಿ ಹೇಳಿಕೊಂಡಿದ್ದ. ಹಣ ಮರಳಿ ಬಂದ ಮೇಲೆ 3,800 ರೂಪಾಯಿಗೆ, ಹೊರಬದಿ ಮುಚ್ಚಿದ, ಮೊಬೈಲಿಗೇ ಸಾಲುವ 32 ಓಮ್‌ನ ಒಂದು ಸಾಧಾರಣ ಹೆಡ್‌ಫೋನು ಕೊಂಡ. ಭಿಶಿಯ ಹಣ ತಾಯಿಗೆ ಹಿಂದೆ ಹೋಯಿತು. ಹೊಸದರಲ್ಲಿ ಅಜ್ಜಿ ಅಷ್ಟು ಹತ್ತಿರ ಬರುವುದಿಲ್ಲ. ಆದರೆ ಮಗ್ಗಗಳು ಸಾಕಷ್ಟು ದೂರ ಹೋಗುತ್ತವೆ.

ಪ್ರಬಂಧದಲ್ಲಿ ಆ ಕರೆಯನ್ನು ಅವನು ಹೇಗೆ ಬರೆದನೆಂಬುದು ಗ್ರಂಥಸಂಪಾದನೆಯ ಪತ್ರಿಕೆಯನ್ನು ಓದುವವರಿಗೆ ಉಪಯುಕ್ತ. ಹಸ್ತಪ್ರತಿಯಲ್ಲಿ ಅಕ್ಷರ ಅಳಿಸಿಹೋದಾಗ ಸಂಪಾದಕನು ಊಹೆಯನ್ನು ಪಾಠವೆಂದು ಸಾಧಿಸದೆ ಎರಡು ಸಾಧ್ಯತೆಗಳನ್ನೂ ಕೊಡುವಂತೆ, ಅವನು 'ಸಣ್ಣವ್ವ' ಎಂದು ಮೇಲೆ ಬರೆದು, 'ಚನ್ನವ್ವ' ಎಂಬುದನ್ನು ಪಾಠಾಂತರವಾಗಿ ಅಡಿಯಲ್ಲಿ ಕೊಟ್ಟ. ಕಾರಣವಾಗಿ 4,000 ಹರ್ಟ್ಜ್‌ನ ಮಿತಿಯನ್ನೂ ಬೀಸುಕಲ್ಲಿನ ಸದ್ದನ್ನೂ ಎರಡು ಸಾಲುಗಳಲ್ಲಿ ವಿವರಿಸಿದ. ಕಿರುಪ್ರಬಂಧಗಳಲ್ಲಿ ಇಂಥ ಟಿಪ್ಪಣಿ ಅಪರೂಪ.

ಬರೆದಿಳಿಸುವ ಕೆಲಸ ಮುಗಿಯುತ್ತ ಬಂದಾಗ ಒಂದು ಸಂಜೆ ಅವನು ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿ ಕುಳಿತ ತಾಯಿಯ ಕಿವಿಗೆ ಹೆಡ್‌ಫೋನನ್ನಿಟ್ಟು, ಬರೆದುದನ್ನು ಎದುರಿಗೆ ಓದಿ ಹೇಳಿದ. ಸಣ್ಣವ್ವನೋ ಚನ್ನವ್ವನೋ ಆಕೆಗೂ ತಿಳಿಯಲಿಲ್ಲ; ಎರಡು ಸಲ ಕೇಳಿ ತಲೆಯಾಡಿಸಿದಳು. ಮುಂದಿನ ಹಾಡಿನಲ್ಲಿ, ಅವನಿಗೆ ಒಮ್ಮೆಯೂ ಸಂಶಯ ಬಂದಿರದ ಕಡೆಯಲ್ಲಿ, ಕೈಯೆತ್ತಿ ನಿಲ್ಲಿಸಿದಳು. ತವರಿನಲ್ಲಿ ಉಂಡ ಹಾಲನ್ನು ಅಜ್ಜಿ ನೆನೆಯುತ್ತಾಳೆಂದು ಅವನು ಬರೆದುಕೊಂಡಿದ್ದ. ಅದರ ಮೇಲೆ ಸಮೃದ್ಧಿಯ ಪ್ರತಿಮೆಯೆಂದು ಅರ್ಧ ಪುಟದ ವಿವರಣೆಯೂ ಸಿದ್ಧವಾಗಿತ್ತು.

"ಅದು ಕುಡಿಯೂ ಹಾಲ ಅಲ್ಲಪಾ," ಎಂದಳು ತಾಯಿ. "ಮರಾಠಿ ಹಾಲ. ಹಾಲ ಹಾಲ ಆತು ಅಂತೀವಲ್ಲಾ, ಅದು. ನಮ್ಮವ್ವ ತವರಮನ್ಯಾಗ ಹಾಲ ಎಲ್ಲಿ ಕಂಡಿದ್ಲು, ಬರೇ ಹಾಲ ಉಂಡಾಕಿ."

ಅವನು ಆ ಅರ್ಧ ಪುಟವನ್ನು ಹೊಡೆದುಹಾಕಿ, ತಾಯಿಯ ಮಾತನ್ನು ದಿನಾಂಕದೊಡನೆ ಟಿಪ್ಪಣಿಯಲ್ಲಿ ಬರೆದುಕೊಂಡ. ಆಮೇಲೆ ಹನ್ನೊಂದೂ ತುಣುಕುಗಳನ್ನು ಮೊದಲಿನಿಂದ ಕೇಳಿಸಲು ತೊಡಗಿದ.